ನೆಲಮಾಳಿಗೆಯಲ್ಲಿ ಒಂದು ದ್ವೀಪದ ಸದ್ದು

ಬಂಕಿನ ಮುಂದೆ

ಸ್ಟೌಫ್‌ವಿಲ್‌ನಲ್ಲಿ ನಾನು ಮೊದಲು ಗುರುತಿಟ್ಟುಕೊಂಡದ್ದು ಒಬ್ಬ ಹೆಂಗಸಿನ ಮುಖವನ್ನು. ಬೆಳಗಿನ ಹೊತ್ತು. ಹಿಮ ಬಿದ್ದು ಕಲ್ಲಾಗಿದ್ದ ಫುಟ್‌ಪಾತಿನ ಮೇಲೆ, ಪೆಟ್ರೋಲ್ ಬಂಕಿನ ಎದುರಿಗೆ ಆಕೆ ಕತ್ತೆತ್ತಿ ನಿಂತಿದ್ದಳು. ಕಾರಿರಲಿಲ್ಲ, ಕೈಯಲ್ಲಿ ಕ್ಯಾನೂ ಇರಲಿಲ್ಲ. ಕಂಬದ ತುದಿಯಲ್ಲಿ ಆ ದಿನದ ದರ ಕೆಂಪು ಅಂಕೆಗಳಲ್ಲಿ ಉರಿಯುತ್ತಿತ್ತು. ಅದನ್ನು ನೋಡಿ ತುಟಿಯಲ್ಲೇ ಏನೋ ಎಣಿಸಿಕೊಂಡು, ಕೋಟಿನ ಟೋಪಿ ಎಳೆದುಕೊಂಡು ಬಸ್ಸಿನ ಕಡೆಗೆ ನಡೆದಳು. ಮಾರನೆಯ ದಿನವೂ ನಿಂತಿದ್ದಳು. ಅದರ ಮಾರನೆಯ ದಿನವೂ. ನಮ್ಮ ಕಡೆ ಗರುಡಗಂಬದ ಮುಂದೆ ಮಾತ್ರ ಜನ ಹಾಗೆ ನಿಂತದ್ದನ್ನು ನಾನು ಕಂಡಿದ್ದೇನೆ.

ನಾನು ಕೆನಡಾಕ್ಕೆ ಹೋದದ್ದು ಊರು ನೋಡುವ ಹುರುಪಿನಿಂದೇನೂ ಅಲ್ಲ. ಚಿಕ್ಕಮ್ಮನ ಮಗಳು ವಸುಧಾ ಮನೆಯ ಮೆಟ್ಟಿಲ ಮೇಲೆ ಜಾರಿ ಬಲಗೈ ಮುರಿದುಕೊಂಡಿದ್ದಳು. ಅವಳ ಗಂಡ ರಘು ಫೋನಿನಲ್ಲಿ, “ಅಕ್ಕ, ನಿಮ್ಮ ಕೈರುಚಿ ಬೇಕಾಗಿದೆ ಅಂತ ಸುಳ್ಳು ಹೇಳಲ್ಲ, ನಿಮ್ಮ ಕೈಯೇ ಬೇಕಾಗಿದೆ” ಎಂದಿದ್ದ. ಅರಸೀಕೆರೆಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ. ಅದನ್ನು ಯಜಮಾನರಿಗೆ ಒಪ್ಪಿಸಿ ಆರು ವಾರಕ್ಕೆಂದು ಹೊರಟೆ.

ಹನ್ನೆರಡಕ್ಕೇ ನಿಂತ ಗಡಿಯಾರ

ಬಂದ ವಾರದಲ್ಲೇ ಒಂದು ಎಡವಟ್ಟು ಮಾಡಿದೆ. ನಮ್ಮಲ್ಲಿ ಕೆಲಸ ಮುಗಿದ ಕೂಡಲೇ ಸ್ವಿಚ್ಚು ಆರಿಸುವುದು ಕೈಗೆ ಬಂದ ಅಭ್ಯಾಸ. ಅಲ್ಲಿ ಗೋಡೆಯ ಸಾಕೆಟ್ಟಿಗೆ ಸ್ವಿಚ್ಚೇ ಇಲ್ಲ. ಹಾಗಾಗಿ ನಾನು ಮಲಗುವ ಮುಂಚೆ ಒಂದೊಂದಾಗಿ ಪ್ಲಗ್ಗುಗಳನ್ನು ಕಿತ್ತಿಡುತ್ತಿದ್ದೆ. ನಾಲ್ಕನೆಯ ದಿನ ರಘು ಅಡುಗೆಮನೆಯ ನಡುವೆ ನಿಂತು ಸುತ್ತ ನೋಡಿದ.

“ವಸು, ನಮ್ಮನೇಲಿ ಟೈಮ್ ನಿಂತೋಗಿದೆ ಕಣೆ. ಮೈಕ್ರೋವೇವಲ್ಲೂ ಹನ್ನೆರಡು, ಕಾಫಿ ಮಷೀನಲ್ಲೂ ಹನ್ನೆರಡು. ಅಕ್ಕ ಬಂದಾಗಿಂದ ನಾನು ಆಫೀಸಿಗೆ ಲೇಟೇ ಆಗಿಲ್ಲ!”

“ಸುಮ್ನಿರಿ. ಅಕ್ಕ, ಪ್ಲಗ್ ಕೀಳ್ಬೇಡ ಆಯ್ತಾ? ಇಲ್ಲಿ ಹೈಡ್ರೋ ಬಿಲ್ ಅಷ್ಟೇನೂ ಬರಲ್ಲ” ಎಂದಳು ವಸುಧಾ.

ಅಲ್ಲಿ ಕರೆಂಟಿನ ಬಿಲ್ಲಿಗೆ ಹೈಡ್ರೋ ಬಿಲ್ಲು ಎನ್ನುತ್ತಾರೆ. ಜಲಪಾತದ ನೀರಿನಿಂದ ದೀಪ ಉರಿಸಿದ ಕಾಲದ ಮಾತಂತೆ. ಕೇಳಿ ಸಮಾಧಾನವಾಯಿತು. ನಮ್ಮದೂ ನೀರಿನ ದೀಪವೇ. ಶರಾವತಿಯ ಅಣೆಕಟ್ಟೆಯಲ್ಲಿ ನೀರು ಇಳಿದರೆ ಅರಸೀಕೆರೆಯಲ್ಲಿ ನಮ್ಮ ಗಿರಣಿಯ ಕಲ್ಲು ನಿಲ್ಲುತ್ತದೆ. ಜೂನ್ ಬಂತೆಂದರೆ ನಾವೂ ಕತ್ತೆತ್ತುತ್ತೇವೆ, ಮೋಡದ ಕಡೆಗೆ.

ಹಗಲು ಆ ಮನೆ ತೀರಾ ನಿಶ್ಶಬ್ದ. ರಘು ರೈಲಿನಲ್ಲಿ ಟೊರಾಂಟೊಗೆ ಹೋದರೆ ಬರುವುದು ಸಂಜೆಯೇ. ವಸುಧಾ ಮೇಲಿನ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಒಂದೇ ಕೈಯಲ್ಲಿ ಆಫೀಸಿನ ಕೆಲಸ ಮಾಡುತ್ತಾಳೆ. ಗಾಜಿನಾಚೆ ಒಂದೇ ಅಚ್ಚಿನ ಮನೆಗಳು, ಬಿಳಿ ಛಾವಣಿಗಳು. ನಾಯಿ ಬೊಗಳುವುದಿಲ್ಲ, ತರಕಾರಿಯವನು ಕೂಗುವುದಿಲ್ಲ. ಅಂಥ ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತ ಕುಳಿತಿರುವಾಗ, ಕಾಲ ಕೆಳಗಿನಿಂದ, ನೆಲದೊಳಗಿನಿಂದ, ಒಂದು ಹುಂಜ ಕೂಗಿತು.

ಮೊರ ಕೆಳಗಿಟ್ಟೆ. ಸ್ವಲ್ಪ ಹೊತ್ತಿಗೆ ಪಾತ್ರೆ ಬಿದ್ದ ಸದ್ದು. ಆಮೇಲೆ ಒಬ್ಬ ಮುದುಕಿಯ ನಿಟ್ಟುಸಿರು, “ಓ ಲಾರ್ಡ್.” ಇವೆಲ್ಲದರ ಹಿಂದೆ ಎಡೆಬಿಡದೆ ಗುಂಯ್ ಎನ್ನುವ ಸದ್ದು. ನಾಲ್ಕೈದು ಸೆಕೆಂಡಿಗೊಮ್ಮೆ ಅದರ ಮೇಲೆ ಉಸ್ಸ್ ಎಂದು ಗಾಳಿ ಬಿಟ್ಟಂತೆ.

ಕೆಳಗಿನ ಮನೆ

ಸಂಜೆ ಹೇಳಿದಾಗ ವಸುಧಾ ನಕ್ಕಳು. “ಬೇಸ್‌ಮೆಂಟಲ್ಲಿ ಮರ್ಲೀನ್ ಇದಾಳಲ್ಲಕ್ಕ, ನಮ್ಮ ಟೆನೆಂಟು. ಅವಳದ್ದು ಏನೋ ಆ್ಯಪು.”

ಕೆಳಗೆ ಹೋದರೆ ಬಾಗಿಲು ತೆರೆದದ್ದು ಬಂಕಿನ ಮುಂದೆ ನಿಲ್ಲುವ ಹೆಂಗಸು! ನನ್ನದೇ ವಯಸ್ಸು, ಅಗಲ ಭುಜ, ಬಿಸಿಲಿನ ದೇಶದವರ ನಗು. ಕೆರಿಬಿಯನ್ ಸಮುದ್ರದ ಒಂದು ಪುಟ್ಟ ದ್ವೀಪದವಳು. ಗೋಡೆಯ ಮೇಲಿನ ಭೂಪಟದಲ್ಲಿ ತೋರಿಸಿದಳು. ಕನ್ನಡಕ ಹಾಕಿದರೂ ಅದು ನನಗೆ ನೊಣದ ಹೇಲಿನಷ್ಟೇ ಕಂಡಿತು. ಅವಳ ಇಂಗ್ಲಿಷಿಗೊಂದು ರಾಗ, ನನ್ನದಕ್ಕೊಂದು ರಾಗ. ನಡುವೆ ತಿಳಿಯದ್ದನ್ನು ಕೈಯಲ್ಲಿ ಹೇಳಿಕೊಂಡೆವು.

ಕಪಾಟಿನ ಮೇಲೆ ಒಂದು ಹಳೆಯ ಫೋನು ಒರಗಿ ನಿಂತಿತ್ತು. ಗುಂಯ್, ಉಸ್ಸ್ ಬರುತ್ತಿದ್ದುದು ಅದರಿಂದ. ಎಳೆಗೂಸನ್ನು ತೊಟ್ಟಿಲಲ್ಲಿ ಬಿಟ್ಟು ಬೇರೆ ಕೋಣೆಗೆ ಹೋದ ತಾಯಂದಿರು ಅಳು ಕೇಳಿಸಿಕೊಳ್ಳಲು ಇಟ್ಟುಕೊಳ್ಳುವ ಆ್ಯಪು. ಮರ್ಲೀನ್ ಅದನ್ನು ತಾಯಿಗೆ ಇಟ್ಟಿದ್ದಳು; ಅದರ ಜೋಡಿ ಫೋನು ದ್ವೀಪದಲ್ಲಿ ತಾಯಿಯ ಕೋಣೆಯಲ್ಲಿತ್ತು.

“ಅಮ್ಮನ ಪುಪ್ಪುಸ ಹಾಳಾಗಿದೆ ಮಿಸ್ ಗಿರಿಜಾ. ಆ ಸದ್ದು ಆಕ್ಸಿಜನ್ ಮಷೀನಿಂದು. ದಿನಕ್ಕೆ ಹದಿನಾರು ಗಂಟೆ ಓಡ್ಬೇಕು ಅಂದಿದಾರೆ ಡಾಕ್ಟ್ರು. ಕೇಳಿದ್ರೆ ‘ಹಾಕ್ಕೊಂಡಿದೀನಿ’ ಅಂತಾಳೆ. ನಮ್ಮಮ್ಮ ಪಾದ್ರಿ ಮುಂದೇನೂ ಸುಳ್ಳು ಹೇಳ್ತಾಳೆ. ಮಷೀನು ಹೇಳಲ್ಲ.”

“ಯಾಕೆ ಆರಿಸ್ತಾರೆ?”

“ಲೈಟ್ ಬಿಲ್ಲು. ಕಟ್ಟೋದು ನಾನು” ಎಂದು ಅವಳು ಏರುತ್ತಿದೆ ಎನ್ನುವಂತೆ ಬೆರಳನ್ನು ಛಾವಣಿಯತ್ತ ಎತ್ತಿದಳು. ಬಂಕಿನ ಬೋರ್ಡು ನೋಡುವಾಗಿನ ಅದೇ ಮುಖ.

ಮರ್ಲೀನ್ ಕೆಲಸ ಮಾಡುವುದು ವೃದ್ಧರ ಆರೈಕೆಯ ಒಂದು ಮನೆಯಲ್ಲಿ. ಶಿಫ್ಟಲ್ಲಿ ಫೋನನ್ನು ಲಾಕರಿನಲ್ಲಿಟ್ಟು ಬೀಗ ಹಾಕಬೇಕು. ಹನ್ನೆರಡರಿಂದ ಆರರವರೆಗೆ ಅವಳ ಕಿವಿಗೆ ತಾಯಿಯಿಲ್ಲ. ಆ ಹೊತ್ತು ನಾನು ಕೇಳಿಸಿಕೊಳ್ಳಬಹುದೇ ಎಂದು ಕೇಳಿದಳು. ಸದ್ದು ನಿಂತರೆ ಆರೈಕೆ ಮನೆಗೆ ಫೋನು ಮಾಡಿ ಅವಳನ್ನು ಕರೆಸಬೇಕು, ಅಷ್ಟೇ. ಒಪ್ಪಿದೆ. ಯಜಮಾನರಿಗೆ ಹೇಳಿದರೆ, “ಅಲ್ಲಿಗೆ ಹೋಗಿಯೂ ಮಿಷನ್ನಿನ ಮುಂದೇನೇ ಕೂತ್ಯಾ?” ಎಂದರು.

ರೈಲಿನಲ್ಲಿ

ಒಂದು ಶನಿವಾರ ವಸುಧಾಳ ಕೈ ತೋರಿಸಲು ಟೊರಾಂಟೊದ ನಾರ್ತ್ ಯಾರ್ಕಿಗೆ ಹೊರಟೆವು. ಮರ್ಲೀನಳೂ ಜೊತೆಗೆ ಬಂದಳು. ಅವರ ಜನ ದೊಡ್ಡ ನೀಲಿ ಪೀಪಾಯಿಗಳಲ್ಲಿ ಅಕ್ಕಿ, ಸೋಪು, ಬಟ್ಟೆ ತುಂಬಿ ಹಡಗಿನಲ್ಲಿ ಊರಿಗೆ ಕಳಿಸುತ್ತಾರೆ. ಅವಳ ಪೀಪಾಯಿಗೆ ಮೇಣದಬತ್ತಿ ಮತ್ತು ಬಿಸಿಲಿನಿಂದ ಉರಿಯುವ ಸೋಲಾರ್ ದೀಪಗಳು ಬೇಕಿದ್ದವು.

ಟೊರಾಂಟೊದ ಯೂನಿಯನ್ ಸ್ಟೇಷನ್ನಿಗೆ ಹೋಗುವ ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ. ನಮ್ಮ ಅರಸೀಕೆರೆ ಪ್ಯಾಸೆಂಜರಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಎದುರಿನವರ ಮಗಳಿಗೆ ಗಂಡು ಗೊತ್ತಾಗಿರುತ್ತಿತ್ತು. ನಾವು ಮೂವರು ತಗ್ಗಿದ ದನಿಯಲ್ಲೇ ಮಾತಾಡಿಕೊಂಡೆವು.

“ನಮ್ಮ ದ್ವೀಪದಲ್ಲಿ ನದಿಯಿಲ್ಲ, ಕಲ್ಲಿದ್ದಲಿಲ್ಲ” ಎಂದಳು ಮರ್ಲೀನ್. “ಹಡಗು ಡೀಸೆಲ್ ಎಣ್ಣೆ ತರುತ್ತೆ. ಬಂದರಿನ ಪಕ್ಕ ಎಂಜಿನ್ ಮನೆ. ಅದು ಎಣ್ಣೆ ಕುಡಿದ್ರೆ ನಮಗೆ ಬೆಳಕು. ಬಿಲ್ಲಲ್ಲಿ ಎರಡು ಸಾಲು ಇರುತ್ತೆ. ಮೊದಲನೇದು ಕರೆಂಟಿಂದು, ಅದು ಅಲ್ಲಾಡಲ್ಲ. ಎರಡನೇದು ಎಣ್ಣೇದು. ಪ್ರಪಂಚದಲ್ಲಿ ಎಲ್ಲಿ ಜಗಳ ಆದ್ರೂ ಅದು ಬೆಳೆಯುತ್ತೆ. ಒಂದೊಂದು ತಿಂಗಳು ಮೊದಲನೇ ಸಾಲಿಗಿಂತ ಎರಡನೇದೇ ಉದ್ದ.”

“ಬರೀ ದೀಪ ತಾನೆ, ಮೇಣದಬತ್ತಿ ಹಚ್ಚಿದರಾಯ್ತು” ಎಂದೆ ನಾನು.

“ಕುಡಿಯೋ ನೀರೂ ಕರೆಂಟಿಂದೇ ಬರೋದು. ಸಮುದ್ರದ ಉಪ್ಪು ತೆಗೆದು ಕೊಡ್ತಾರೆ. ಮೀನಿಡೋ ಐಸೂ ಕರೆಂಟಿಂದೇ. ಎಣ್ಣೆ ಏರಿದ್ರೆ ನಮ್ಮಲ್ಲಿ ಐಸ್‌ಕ್ಯಾಂಡಿ ಸಣ್ಣದಾಗುತ್ತೆ. ಮಕ್ಕಳಿಗೆ ಮೊದಲು ಗೊತ್ತಾಗೋದು.”

ವಸುಧಾ ಕೇಳಿದಳು, “ಸೋ, ಇಲ್ಲಿ ಪೆಟ್ರೋಲ್ ರೇಟ್ ನೋಡಿದ್ರೆ ಅಲ್ಲಿಂದು ಹೇಗೆ ಗೊತ್ತಾಗುತ್ತೆ?”

“ಇಲ್ಲಿ ಬೋರ್ಡು ಇವತ್ತೇ ಬದಲಾಗುತ್ತೆ. ಅಲ್ಲಿ ಹಳೇ ಎಣ್ಣೆ ತೀರ್ಬೇಕು, ಹೊಸ ಹಡಗು ಬರ್ಬೇಕು, ಬಿಲ್ಲು ಅಚ್ಚಾಗ್ಬೇಕು. ಒಂದೂವರೆ ತಿಂಗಳು.” ಅವಳು ಕಿಟಕಿಯಾಚೆ ನೋಡಿದಳು. “ಅಮ್ಮನ ಕೈ ಯಾವತ್ತು ಸ್ವಿಚ್ಚಿಗೆ ಹೋಗುತ್ತೆ ಅಂತ ಅವಳಿಗಿಂತ ಮುಂಚೆ ನನಗೆ ಗೊತ್ತಾಗುತ್ತೆ, ಮಿಸ್ ಗಿರಿಜಾ. ಚಳಿಗಾಲದ ಮೊದಲು ಒಂದು ಸಲ ತುಂಬಾ ಏರಿತ್ತು. ಈಗ ಮತ್ತೆ ಏರ್ತಾ ಇದೆ.”

ಆ ಸಂಜೆ ನಾರ್ತ್ ಯಾರ್ಕಿನಿಂದ ಹೊರಡುವಾಗ ಯಾಂಗ್ ಸ್ಟ್ರೀಟಿನ ಎತ್ತರದ ಕಚೇರಿಗಳಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ, ಎಲ್ಲ ಅಂತಸ್ತುಗಳಲ್ಲೂ ದೀಪ ಉರಿಯುತ್ತಿತ್ತು. ಕುರ್ಚಿಗಳು ಬೆಳಕಿನಲ್ಲಿ ಯಾರನ್ನೋ ಕಾಯುತ್ತ ಕುಳಿತಂತೆ ಕಂಡವು. ಮರ್ಲೀನ್ ಮೇಣದಬತ್ತಿಯ ಚೀಲವನ್ನು ಎದೆಗೊತ್ತಿಕೊಂಡು ತಲೆಯೆತ್ತದೆ ನಡೆದಳು.

ನೋಟ್‌ಬುಕ್ಕು

ಮಧ್ಯಾಹ್ನಗಳು ಹೀಗೆ ಸಾಗಿದವು. ಅಡುಗೆಮನೆಯ ಮೇಜಿನ ಮೇಲೆ ಮರ್ಲೀನ್ ಹೋಗುವಾಗ ಕೊಟ್ಟ ಆ ಫೋನು, ಮುಂದೆ ನನ್ನ ಸೊಪ್ಪು, ಪಕ್ಕದಲ್ಲಿ ದಿನಚರಿಯ ನೋಟ್‌ಬುಕ್ಕು. ಮದುವೆಯಾದಂದಿನಿಂದ ನಾನು ದಿನದ ಸಣ್ಣಪುಟ್ಟದ್ದನ್ನೆಲ್ಲ ಬರೆದಿಡುತ್ತೇನೆ. ಹಾಲು ಒಡೆದದ್ದು, ಗಿರಣಿಯ ಬೆಲ್ಟು ಹರಿದದ್ದು. ಅಲ್ಲಿ ಬರೆಯುವುದಕ್ಕೆ ಬೇರೇನೂ ಇಲ್ಲದೆ ಆ ಸದ್ದುಗಳನ್ನೇ ಬರೆದೆ. ಕಾಣದ ಮನೆಯೊಂದು ಕಿವಿಯಲ್ಲೇ ಕಟ್ಟಿಕೊಂಡಿತು. ಹುಂಜ ಹಿತ್ತಲಿನದು. ಪಾತ್ರೆ ಅಲ್ಯೂಮಿನಿಯಂ. ದೂರದಲ್ಲೊಂದು ಸ್ಕೂಟರು. ಮಿಸ್ ಪರ್ಲ್ — ಮರ್ಲೀನಳ ತಾಯಿಯನ್ನು ಊರೆಲ್ಲ ಹಾಗೇ ಕರೆಯುವುದಂತೆ — “ಓ ಲಾರ್ಡ್” ಎಂದಾಗಲೆಲ್ಲ ನಾನೂ ಇತ್ತ “ಶಿವನೇ” ಎನ್ನುತ್ತಿದ್ದೆ. ಜೊತೆಗೊಬ್ಬರು ಇದ್ದಂತೆ ಹಿತವಾಗಿತ್ತು.

ಆದರೂ ಏನೋ ಒಂದು ಕಲ್ಲು ಹಲ್ಲಿಗೆ ಸಿಕ್ಕಂತೆ. ಎರಡು ದಶಕ ಗಿರಣಿಯ ಗಲ್ಲಾದಲ್ಲಿ ಕುಳಿತವಳು ನಾನು. ಯಾವ ಯಂತ್ರವೂ ದಿನವೆಲ್ಲ ಒಂದೇ ದನಿಯಲ್ಲಿ ಓಡುವುದಿಲ್ಲ. ಪಕ್ಕದ ಬೀದಿಯಲ್ಲಿ ಯಾರಾದರೂ ಪಂಪು ಹಾಕಿದರೆ ನಮ್ಮ ಕಲ್ಲು ಮುಲುಕುತ್ತದೆ, ಮಧ್ಯಾಹ್ನ ಊರು ಮಲಗಿದಾಗ ಹಗುರಾಗುತ್ತದೆ. ಮಿಸ್ ಪರ್ಲ್ ಅವರ ಮಷೀನು ಒಮ್ಮೆಯೂ ಮುಲುಕಿರಲಿಲ್ಲ.

ಗುರುವಾರ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಹುಂಜ ಕೂಗಿತು. ಬರೆದೆ. ಪಾತ್ರೆ ಬಿತ್ತು. ಸ್ಕೂಟರು ಹೋಯಿತು. ಓ ಲಾರ್ಡ್. ಬರೆದು ಮೇಲಿನ ಸಾಲು ನೋಡಿದೆ. ಹುಂಜ, ಪಾತ್ರೆ, ಸ್ಕೂಟರು, ಓ ಲಾರ್ಡ್. ಹಾಳೆ ತಿರುವಿದೆ. ಬುಧವಾರ, ಅದೇ. ಮಂಗಳವಾರ, ಅದೇ ನಾಲ್ಕು, ಅದೇ ಸಾಲಿನಲ್ಲಿ. ಮೈಕ್ರೋವೇವಿನ ಗಡಿಯಾರದ ಮುಂದೆ ಹೋಗಿ ನಿಂತೆ. ಹುಂಜದಿಂದ ಹುಂಜಕ್ಕೆ ಇಪ್ಪತ್ತಾರು ನಿಮಿಷ. ಮತ್ತೆ ಕಾದೆ. ಇಪ್ಪತ್ತಾರು. ನಿಟ್ಟುಸಿರಿನ ಕೊನೆಯಲ್ಲಿ ಗಂಟಲಿಗೆ ಸಿಕ್ಕಿಕೊಳ್ಳುವ ಆ ಸಣ್ಣ ಕೆಮ್ಮೂ ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಬಂತು.

ಹತ್ತು ದಿನದಿಂದ ನಾನು ಯಾರಿಗೆ ಶಿವನೇ ಎನ್ನುತ್ತಿದ್ದೆ? ಅದು ರೆಕಾರ್ಡು. ಕೋಣೆಯಲ್ಲಿ ಯಂತ್ರ ಓಡುತ್ತಿಲ್ಲ. ರೆಕಾರ್ಡು ಓಡಿಸಿದವರಾದರೂ ಇದ್ದಾರೋ, ಇಲ್ಲ ಅದು ಖಾಲಿ ಕೋಣೆಯಲ್ಲಿ ತನ್ನಷ್ಟಕ್ಕೆ ಸುತ್ತುತ್ತಿದೆಯೋ?

ಸದ್ದು ನಿಂತ ಮೇಲೆ

ಆರೈಕೆ ಮನೆಗೆ ಫೋನು ಮಾಡಬೇಕಿತ್ತು. ಕೈ ಹೋದದ್ದು ಆ ಹಳೆಯ ಫೋನಿನ ಕಡೆಗೆ. ತೊಟ್ಟಿಲ ಕೂಸಿಗೆ ಜೋಗುಳ ಹೇಳಲು ಅದರಲ್ಲೊಂದು ಗುಂಡಿಯಿತ್ತು. ಒತ್ತಿದೆ.

“ಮಿಸ್ ಪರ್ಲ್?”

ಗುಂಯ್, ಉಸ್ಸ್. ಗುಂಯ್, ಉಸ್ಸ್. ಹುಂಜ ಕೂಗಿತು.

“ಅಮ್ಮಾ, ಇದೀರಾ?” ಗಾಬರಿಯಲ್ಲಿ ಕನ್ನಡವೇ ಬಂತು. “ದಯವಿಟ್ಟು ಮಾತಾಡಿ ತಾಯಿ.”

ಪಾತ್ರೆ ಬಿತ್ತು. ಮುಂದೆ ಸ್ಕೂಟರು ಬರಬೇಕು. ಬರುವ ಮೊದಲು ನನ್ನ ಪಟ್ಟಿಯಲ್ಲಿಲ್ಲದ ಒಂದು ಸದ್ದು ಕೇಳಿತು. ನೆಲಕ್ಕೆ ಎಳೆಯುವ ಚಪ್ಪಲಿ. ಒಂದು, ಎರಡು, ಮೂರು. ರೆಕಾರ್ಡಿನ ಗುಂಡಿ ಟಿಕ್ ಎಂದಿತು. ಗುಂಯ್ ನಿಂತುಹೋಯಿತು.

ಆ ನಿಶ್ಶಬ್ದದೊಳಗೆ ಉಸಿರೊಂದು ಓಡಾಡುತ್ತಿತ್ತು. ತೂತು ಬಿದ್ದ ತಿದಿಯ ಹಾಗೆ ಅಲ್ಪ, ಅವಸರ. ಅಷ್ಟು ದಿನವೂ ಅದು ರೆಕಾರ್ಡಿನ ಹಿಂದೆಯೇ ಇತ್ತು.

“ಯಾರದು… ನನ್ನ ಮನೇಲಿ?”

ಮರ್ಲೀನಳ ಮನೆಯ ಮೇಲಿನವಳು, ಇಂಡಿಯಾದವಳು ಎಂದೆ. ಮಷೀನು ಯಾಕೆ ಆರಿಸಿದಿರಿ ಎಂದು ಕೇಳಿದೆ.

“ಅವಳು ಹಾಸಿಗೆ… ಹಿಡಿದವರನ್ನ… ಎತ್ತಿ ಇಳಿಸ್ತಾಳೆ.” ಮೂರು ಮಾತಿಗೊಮ್ಮೆ ನಿಲ್ಲುತ್ತಿದ್ದರು. “ಅವಳ ಸೊಂಟ… ಮುರೀತಿದೆ. ನಾನು ಸ್ವಿಚ್ಚು ಹಾಕಿದ್ರೆ… ಅವಳ ಮೈಯನ್ನೇ… ಆ ಎಂಜಿನ್ನಿಗೆ… ಹಾಕಿದ ಹಾಗೆ. ರಾತ್ರಿ ಹಾಕ್ತೀನಿ. ಅವಳು ಮಾತಾಡೋ… ಮುಂಚೆ ಹಾಕ್ತೀನಿ. ಸಾಕು.”

“ಈಗ ಹಾಕಿ. ಹಾಕದಿದ್ದರೆ ಅವಳನ್ನ ಈಗಲೇ ಕರೀತೀನಿ.”

“ಅವಳಿಗೆ… ಹೇಳ್ಬೇಡ.”

ನಾನು ಮಾತು ಕೊಡಲಿಲ್ಲ. ಬಹಳ ಹೊತ್ತಿನ ಮೇಲೆ ಸ್ವಿಚ್ಚಿನ ಸದ್ದು ಕೇಳಿತು. ನಿಜವಾದ ಮಷೀನು ಎರಡು ಸಲ ಕೆಮ್ಮಿ, ಮುಲುಕಿ, ದನಿ ಏರಿಸಿ ಇಳಿಸಿ ಓಡತೊಡಗಿತು. ಆರು ಗಂಟೆಯವರೆಗೆ ನಾನು ಕುರ್ಚಿ ಬಿಟ್ಟು ಏಳಲಿಲ್ಲ.

ಆರು ಗಂಟೆ

ಮರ್ಲೀನಳಿಗೆ ಎಲ್ಲ ಹೇಳಿದೆ. ಕೋಟು, ಬೂಟು ಕಳಚದೆ ಮೆಟ್ಟಿಲ ಮೇಲೆ ಕುಳಿತು ನೋಟ್‌ಬುಕ್ಕಿನ ಅಂಕೆಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು.

“ಇದೇನು ಬರೆದಿರೋದು?”

“ಹುಂಜ.”

ಅವಳ ಬೆರಳು ಅಲ್ಲೇ ನಿಂತಿತು. “ಆ ಹುಂಜನ್ನ ಕ್ರಿಸ್‌ಮಸ್ಸಿಗೆ ಕೊಯ್ದರು. ಸಾರು ಹೇಗಿತ್ತಮ್ಮ ಅಂತ ನಾನೇ ಕೇಳಿದ್ದೆ.” ಹಿಮ ಕರಗಿ ಬೂಟಿನಿಂದ ಮೆಟ್ಟಿಲಿಗೆ ಹರಿಯುತ್ತಿತ್ತು. “ಎರಡು ತಿಂಗಳಿಂದ ದಿನಾ ಅದು ಕೂಗೋದು ಕೇಳ್ತಿದೀನಿ ಮಿಸ್ ಗಿರಿಜಾ. ಮಷೀನನ್ನೇ ಕೇಳ್ತಾ ಕೇಳ್ತಾ ಹುಂಜ ಸತ್ತಿದ್ದೇ ಮರೆತೆ.”

ತಾಯಿಗೆ ಕರೆ ಮಾಡಿದಳು. ನಾನು ಏಳಲು ಹೋದರೆ ಸೆರಗು ಹಿಡಿದು ಕೂರಿಸಿದಳು. ಇಬ್ಬರೂ ಕೂಗಾಡಿದರು. ಅವರ ದ್ವೀಪದ ಮಾತಿನ ಓಟ ನನಗೆ ಪೂರ್ತಿ ಸಿಗಲಿಲ್ಲ. ಒಂದು ಮಾತ್ರ ಚೆನ್ನಾಗಿ ಅರ್ಥವಾಯಿತು.

“ನನ್ನ ಮೈ ನಂದಮ್ಮ. ಎಲ್ಲಿ ಬೇಕಾದ್ರೂ ಸುಡ್ತೀನಿ!”

“ಹಾಗಾದ್ರೆ ನಿನ್ನ ಕಿವಿ ತೆಗಿ ಇಲ್ಲಿಂದ” ಎಂದರು ಮಿಸ್ ಪರ್ಲ್. ಮಷೀನು ಓಡುತ್ತಿದ್ದುದರಿಂದ ದನಿ ಗಟ್ಟಿಯಾಗಿತ್ತು. “ಕಳ್ಳೀನ ಕಾದ ಹಾಗೆ ನನ್ನ ಕಾಯ್ಬೇಡ. ಕಿವಿ ತೆಗೆದ್ರೆ ಮಷೀನು ಹಾಕ್ತೀನಿ.”

“ಹಾಕಿದ್ದು ನನಗೆ ಹೇಗೆ ಗೊತ್ತಾಗ್ಬೇಕು?”

ಆಗ ನನಗೆ ಹೊಳೆದದ್ದು ಕಬಡ್ಡಿ. ನಮ್ಮೂರಲ್ಲಿ ಒಂದು ಆಟವಿದೆ, ಎದುರಾಳಿಯ ಅಂಗಳಕ್ಕೆ ಹೋದವನು ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತಿರಬೇಕು, ನಡುವೆ ಉಸಿರೆಳೆದರೆ ಸತ್ತ, ಅದರಲ್ಲಿ ಮೋಸ ನಡೆಯುವುದಿಲ್ಲ ಎಂದು ಎದ್ದು ನಿಂತು ಕುಣಿದು ತೋರಿಸಿದೆ. ಸೀರೆಯುಟ್ಟ ಐವತ್ತರ ಹೆಂಗಸು ನೆಲಮಾಳಿಗೆಯಲ್ಲಿ ತೊಡೆ ತಟ್ಟಿದ್ದನ್ನು ನೋಡಿ ಮರ್ಲೀನಳಿಗೆ ಅಳುವಿನ ನಡುವೆಯೇ ನಗು ಬಂತು. ಕಣ್ಣೊರೆಸಿಕೊಂಡು ಫೋನಿಗೆ ಹೇಳಿದಳು.

“ಅಮ್ಮ, ಬಂದರಿನಿಂದ ನಮ್ಮನೆವರೆಗೂ ದಾರೀಲಿ ಏನೇನಿದೆ, ಒಂದೇ ಉಸಿರಲ್ಲಿ ಹೇಳು.”

ಮಿಸ್ ಪರ್ಲ್ ಹೇಳಿದರು. ಬಂದರು, ಐಸ್ ಮನೆ, ಬೇಕರಿ, ಅಂಚೆ ಕಚೇರಿ, ಚರ್ಚು, ಮಾವಿನ ಮರ, ಟೈಲರ್ ಮನೆ, ಹಳೆ ಪಂಪು, ನೀಲಿ ಗೇಟು, ನನ್ನ ಮನೆ. ಎಲ್ಲೂ ನಿಲ್ಲಲಿಲ್ಲ.

“ದಿನಾ ಕೇಳ್ತೀನಿ. ಯಾವ ಹೊತ್ತಿಗೆ ಅಂತ ಹೇಳಲ್ಲ.”

ಅಂದೇ ಆ ಆ್ಯಪನ್ನು ಅಳಿಸಿದಳು. ಮಾರನೆಯ ಮಧ್ಯಾಹ್ನ ಮೇಜಿನ ಮೇಲಿನಿಂದಲೂ ಇಲ್ಲ, ಕಾಲ ಕೆಳಗಿನಿಂದಲೂ ಇಲ್ಲ, ಯಾವ ಸದ್ದೂ ಬರಲಿಲ್ಲ. ಸೊಪ್ಪು ಸೋಸುವಾಗ ಎರಡು ಸಲ ಕೈ ನಿಂತಿತು.

ಹೊರಡುವ ಮುನ್ನಾದಿನ

ಆಮೇಲಿನ ದಿನಗಳಲ್ಲಿ ಮರ್ಲೀನ್ ಬೆಳಿಗ್ಗೆ ಕರೆ ಮಾಡುತ್ತಿದ್ದಳು, ಕೆಲಸದ ನಡುವಿನ ಟೀ ಹೊತ್ತಿನಲ್ಲಿ ಮಾಡುತ್ತಿದ್ದಳು. ತಾಯಿ ಪ್ರತಿ ಸಲವೂ ಒಂದೇ ಉಸಿರಿನಲ್ಲಿ ಮನೆ ಮುಟ್ಟಿದಳೆಂದು ಸಂಜೆ ಬಂದು ಹೇಳುತ್ತಿದ್ದಳು. ನಾನು ಹೊರಡುವ ಮುನ್ನಾದಿನ ಅವಳಿಗೆ ರಜೆ. ವಸುಧಾಳ ಕೈಯ ಪಟ್ಟಿ ಬಿಚ್ಚಿತ್ತು. ನಾವು ಮೂವರು ಕೆಳಗಿನ ಮನೆಯಲ್ಲಿ ನಾನು ಮಾಡಿದ ಒಬ್ಬಟ್ಟು ತಿನ್ನುತ್ತಿದ್ದೆವು. ದ್ವೀಪದಲ್ಲಿ ಹೊಸ ಬಿಲ್ಲು ಬರುವ ವಾರವದು. ಮರ್ಲೀನ್ ಕೈ ಒರೆಸಿಕೊಂಡು ಕರೆ ಮಾಡಿದಳು. ಬಹಳ ಹೊತ್ತು ರಿಂಗಾಯಿತು.

“ಹೊರಡು ಅಮ್ಮ.”

“ಬಂದರು, ಐಸ್ ಮನೆ, ಬೇಕರಿ” ಎಂದರು ಮಿಸ್ ಪರ್ಲ್. “ಅಂಚೆ… ಕಚೇರಿ… ಚರ್ಚು…”

ಅಲ್ಲಿಗೆ ನಿಂತರು. ಮಾವಿನ ಮರ ಬರಲಿಲ್ಲ. ಫೋನಿನಿಂದ ಆ ತೂತು ತಿದಿಯ ಉಸಿರು ಮಾತ್ರ ಬರುತ್ತಿತ್ತು. ವಸುಧಾ ಏನೋ ಹೇಳಲು ಹೋದಳು, ನಾನು ಅವಳ ಮಣಿಕಟ್ಟು ಹಿಡಿದೆ. ಮರ್ಲೀನ್ ಬಯ್ಯಲಿಲ್ಲ, ಕೂಗಲಿಲ್ಲ. ಕಣ್ಣು ಮುಚ್ಚಿ ಫೋನನ್ನು ಅಂಗೈಯಲ್ಲಿ ಹಿಡಿದು ಕುಳಿತಳು. ನಿಮಿಷ ಕಳೆಯಿತು, ಎರಡು ಕಳೆದವು.

ಚಪ್ಪಲಿ ಎಳೆದ ಸದ್ದು. ಸ್ವಿಚ್ಚು. ಮಷೀನು ಕೆಮ್ಮಿ ಎದ್ದಿತು.

ಇನ್ನೂ ಸ್ವಲ್ಪ ಹೊತ್ತು ಕಾದ ಮೇಲೆ ಮುದುಕಿ ದೀರ್ಘವಾಗಿ ಉಸಿರೆಳೆದುಕೊಂಡು ಮತ್ತೆ ಬಂದರಿನಿಂದ ಹೊರಟಳು.